ಟೇಬಲ್ಲಿಗೆ ಮೊದಲ ಸಾಲು ಅಂತ ಒಂದಿಲ್ಲ: ಡೇಟಾಬೇಸ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಕ್ವೆರಿಯ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯ, ಫಲಿತಾಂಶ ಬೇಕಾದ ಕ್ರಮದಲ್ಲಿ ಬರುತ್ತಿಲ್ಲ ಎನ್ನುವ ದೂರು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಕ್ವೆರಿಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಪ್ರಶ್ನೆ: ಮೇಡಂ, ನಮ್ಮ ಆಫೀಸಿನಲ್ಲಿ ದೂರು ದಾಖಲಿಸುವ ಒಂದು ಸಾಫ್ಟ್‌ವೇರ್ ಇದೆ. ದೂರುಗಳ ಪಟ್ಟಿ ಯಾವಾಗಲೂ ದೂರು ಸಂಖ್ಯೆಯ ಪ್ರಕಾರವೇ ಬರುತ್ತಿತ್ತು. ಕ್ವೆರಿಯಲ್ಲಿ ಆರ್ಡರ್ ಬೈ (ಯಾವ ಕ್ರಮ ಬೇಕು ಅಂತ ಹೇಳುವ ಭಾಗ) ಇಲ್ಲ, ಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ಹೊಸ ಸರ್ವರಿಗೆ ಹೋದ ಮೇಲೆ ಸಾಲುಗಳು ಹಿಂದೆ ಮುಂದೆ ಬರುತ್ತಿವೆ. ಒಂದೊಂದು ಸಲ ಸರಿ ಇರುತ್ತದೆ, ಒಂದೊಂದು ಸಲ ಇಲ್ಲ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ಹೊಸ ವರ್ಶನ್ನಿನಲ್ಲಿ ಏನಾದರೂ ಬಗ್ ಇದೆಯಾ?

ಉತ್ತರ: ಬಗ್ ಇಲ್ಲ. ನಿಮ್ಮ ಕ್ವೆರಿ ಯಾವ ಕ್ರಮವನ್ನೂ ಕೇಳಿಲ್ಲ, ಡೇಟಾಬೇಸ್ ಯಾವ ಕ್ರಮದ ಭರವಸೆಯನ್ನೂ ಕೊಟ್ಟಿಲ್ಲ. ಇಷ್ಟು ದಿನ ಸರಿಯಾಗಿ ಬಂದಿದ್ದು ಅದೃಷ್ಟ.

ಟೇಬಲ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎಕ್ಸೆಲ್ ಹಾಳೆ. ಮೊದಲ ಸಾಲು, ಎರಡನೇ ಸಾಲು, ಕೊನೆಯ ಸಾಲು. ರಿಲೇಶನಲ್ ಡೇಟಾಬೇಸಿನ ಟೇಬಲ್ ಹಾಗಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಈ ಮಾದರಿಯನ್ನು ಮುಂದಿಟ್ಟಾಗ ಅದನ್ನು ಕಟ್ಟಿದ್ದು ಗಣಿತದ ಗಣಗಳ ಮೇಲೆ. ಗಣದಲ್ಲಿ ಯಾವುದು ಇದೆ, ಯಾವುದು ಇಲ್ಲ ಅಂತ ಕೇಳಬಹುದು. ಯಾವುದು ಮೊದಲು ಅಂತ ಕೇಳುವಂತಿಲ್ಲ. ಆ ಕಾಲದ ಪ್ರೋಗ್ರಾಮುಗಳು ದಾಖಲೆಗಳನ್ನು ಡಿಸ್ಕಿನಲ್ಲಿ ಯಾವ ಕ್ರಮದಲ್ಲಿ ಇಟ್ಟಿದ್ದಾರೋ ಅದನ್ನೇ ನಂಬಿಕೊಂಡಿರುತ್ತಿದ್ದವು. ಇಟ್ಟ ರೀತಿ ಬದಲಾದರೆ ಪ್ರೋಗ್ರಾಮ್ ಕೆಡುತ್ತಿತ್ತು. ಕಾಡ್ ತನ್ನ ಲೇಖನದಲ್ಲಿ ಹೋಗಲಾಡಿಸಬೇಕಾದ ಮೂರು ಅವಲಂಬನೆಗಳನ್ನು ಹೇಳುತ್ತಾನೆ. ಅದರಲ್ಲಿ ಮೊದಲನೆಯದೇ ಈ ಕ್ರಮದ ಮೇಲಿನ ಅವಲಂಬನೆ. ನಿಮ್ಮ ಸಾಫ್ಟ್‌ವೇರಿಗೆ ಈಗ ಬಂದಿರುವ ಕಾಯಿಲೆಯನ್ನು ಅವನು ಅವತ್ತೇ ಗುರುತಿಸಿದ್ದ.

ಹಾಗಾದರೆ ಇಷ್ಟು ದಿನ ಸರಿಯಾಗಿ ಬಂದಿದ್ದು ಹೇಗೆ? ಸಾಲುಗಳನ್ನು ಒಂದರ ಹಿಂದೆ ಒಂದು ಸೇರಿಸಿದ್ದೀರಿ, ಅವು ಡಿಸ್ಕಿನ ಪುಟಗಳಲ್ಲಿ ಹಾಗೆಯೇ ಕೂತಿವೆ, ಸರ್ವರ್ ಮೊದಲ ಪುಟದಿಂದ ಓದಿಕೊಂಡು ಬಂದಿದೆ. ಅಷ್ಟೇ. ಆದರೆ ಪೋಸ್ಟ್‌ಗ್ರೆಸ್ ಅಪ್‌ಡೇಟ್ ಮಾಡುವಾಗ ಹಳೆಯ ಸಾಲನ್ನು ಅಲ್ಲೇ ತಿದ್ದುವುದಿಲ್ಲ. ಹೊಸ ಪ್ರತಿಯೊಂದನ್ನು ಜಾಗ ಸಿಕ್ಕ ಕಡೆ ಬರೆಯುತ್ತದೆ. 12ನೇ ದೂರಿನ ಸ್ಥಿತಿಯನ್ನು ‘ಮುಗಿದಿದೆ’ ಅಂತ ಬದಲಿಸಿದರೆ ಸಾಕು, ಅದು ಪಟ್ಟಿಯ ತುದಿಗೆ ಹಾರಬಹುದು. ವ್ಯಾಕ್ಯೂಮ್ (ಹಳೆಯ ಪ್ರತಿಗಳನ್ನು ತೆರವು ಮಾಡುವ ಕೆಲಸ) ಓಡಿ ನಡುವೆ ಜಾಗ ಖಾಲಿಯಾದರೆ ಇವತ್ತಿನ ದೂರು ಹೋದ ವರ್ಷದ ದೂರುಗಳ ಮಧ್ಯೆ ಕೂರಬಹುದು. ಟೇಬಲ್ ಬೆಳೆದಂತೆ ಒಂದೇ ಕ್ವೆರಿಯನ್ನು ಹಲವು ವರ್ಕರ್‌ಗಳು ಹಂಚಿಕೊಂಡು ಓದಬಹುದು. ಆಗ ಯಾರ ಪಾಲು ಮೊದಲು ಬಂತೋ ಅದೇ ಮೊದಲು.

ನೀವು ಬರೆದ ‘ಒಂದೊಂದು ಸಲ’ ಎನ್ನುವುದಕ್ಕೂ ಒಂದು ಕಾರಣ ಇರಬಹುದು. 2008ರಲ್ಲಿ ಬಂದ 8.3 ವರ್ಶನ್ನಿನಿಂದ ಪೋಸ್ಟ್‌ಗ್ರೆಸ್ ಒಂದು ಜಾಣತನ ಮಾಡುತ್ತದೆ. ಒಬ್ಬರು ದೊಡ್ಡ ಟೇಬಲನ್ನು ಪೂರ್ತಿ ಓದುತ್ತಿರುವಾಗ ಇನ್ನೊಬ್ಬರೂ ಅದನ್ನೇ ಓದಲು ಬಂದರೆ, ಎರಡನೆಯವರನ್ನು ಮೊದಲಿನಿಂದ ಓಡಿಸುವುದಿಲ್ಲ. ಮೊದಲನೆಯವರು ಎಲ್ಲಿದ್ದಾರೋ ಅಲ್ಲಿಂದಲೇ ಜೊತೆ ಮಾಡಿಸುತ್ತದೆ. ಕೊನೆ ಮುಟ್ಟಿದ ಮೇಲೆ ತಿರುಗಿ ಬಂದು ಬಿಟ್ಟುಹೋದ ಭಾಗ ಓದಿಸುತ್ತದೆ. ಡಿಸ್ಕಿನ ಕೆಲಸ ಉಳಿಯುತ್ತದೆ. ನಿಮ್ಮ ಪಟ್ಟಿ ಮಾತ್ರ ನಡುವಿನಿಂದ ಶುರುವಾಗುತ್ತದೆ. ಒಬ್ಬರೇ ಕೂತು ಪರೀಕ್ಷೆ ಮಾಡಿದರೆ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಆಫೀಸಿನ ಎಲ್ಲರೂ ಲಾಗಿನ್ ಆದಾಗ ಕಾಣುತ್ತದೆ.

ಮೈಎಸ್‌ಕ್ಯೂಎಲ್ ಬಳಸುವವರು ಇದನ್ನು ಓದಿ ನಗಬೇಡಿ. ಅದರೊಳಗೆ ಸಾಲುಗಳನ್ನು ಇಡುವ ಇನ್ನೊಡಿಬಿ ಎಂಜಿನ್ ಅವನ್ನು ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಪ್ರಕಾರವೇ ಜೋಡಿಸಿಡುತ್ತದೆ ನಿಜ. ಆದರೆ ಕ್ವೆರಿಗೆ ಬೇರೊಂದು ಇಂಡೆಕ್ಸ್ (ಬೇಗ ಹುಡುಕಲು ಮಾಡಿಟ್ಟ ಸೂಚಿ) ಅನುಕೂಲ ಅಂತ ಕ್ವೆರಿ ಓಡಿಸುವ ದಾರಿ ಆರಿಸುವ ಆಪ್ಟಿಮೈಸರಿಗೆ ಅನಿಸಿದ ದಿನ ಕ್ರಮವೂ ಆ ಇಂಡೆಕ್ಸಿನದೇ ಆಗುತ್ತದೆ. ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಕಥೆ ಗೊತ್ತಲ್ವಾ? 5.7ರವರೆಗೆ ಗ್ರೂಪ್ ಬೈ ಮಾಡಿದರೆ ಫಲಿತಾಂಶ ತಾನಾಗಿಯೇ ಸಾರ್ಟ್ ಆಗಿ ಬರುತ್ತಿತ್ತು. 8.0ರಲ್ಲಿ ಅದನ್ನು ಕೈಬಿಟ್ಟರು. ಅದನ್ನೇ ನಂಬಿದ್ದ ರಿಪೋರ್ಟುಗಳೆಲ್ಲ ಅಸ್ತವ್ಯಸ್ತವಾದವು. ಒರಾಕಲ್ 10ಜಿಯ ಎರಡನೇ ಬಿಡುಗಡೆಯಲ್ಲಿ ಗ್ರೂಪ್ ಬೈಗೆ ಹ್ಯಾಶ್ ವಿಧಾನ ಬಂದಾಗಲೂ ಹೀಗೇ ಆಗಿತ್ತು.

ಕ್ವೆರಿಯ ಕೊನೆಗೆ ‘ಆರ್ಡರ್ ಬೈ ದೂರು_ಸಂಖ್ಯೆ’ ಸೇರಿಸಿ. ‘ಪರೀಕ್ಷೆ ಮಾಡಿ ನೋಡಿದೆ, ಹಾಕದಿದ್ದರೂ ಬರುತ್ತೆ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹತ್ತು ಸಾಲಿನ ಟೇಬಲ್ಲಿನಲ್ಲಿ ಎಲ್ಲವೂ ಬರುತ್ತದೆ.

ಪ್ರಶ್ನೆ: ಪ್ರತಿ ಕ್ವೆರಿಯಲ್ಲೂ ಬರೆಯುವ ಬದಲು ವ್ಯೂ (ಹೆಸರು ಕೊಟ್ಟು ಉಳಿಸಿಟ್ಟ ಕ್ವೆರಿ) ಒಳಗೇ ಆರ್ಡರ್ ಬೈ ಇಟ್ಟರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ವ್ಯೂ ಕೂಡ ಒಂದು ಟೇಬಲ್ ಇದ್ದ ಹಾಗೆ, ಅದಕ್ಕೂ ಕ್ರಮ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಇದನ್ನು ಸುಮ್ನೆ ಒಪ್ಪುವುದೂ ಇಲ್ಲ. ಅದಕ್ಕೆ ಜನ ‘ಟಾಪ್ 100 ಪರ್ಸೆಂಟ್’ ಅಂತ ಸೇರಿಸಿ ಒಳದಾರಿ ಹುಡುಕಿದರು. 2005ರ ವರ್ಶನ್ ‘ನೂರಕ್ಕೆ ನೂರು ಅಂದರೆ ಎಲ್ಲವೂ ತಾನೆ, ಸಾರ್ಟ್ ಯಾಕೆ’ ಅಂತ ಆ ಭಾಗವನ್ನೇ ಬಿಟ್ಟು ಓಡಿಸತೊಡಗಿತು. ಮಾರಿಯಾಡಿಬಿ ಎನ್ನುವ ಡೇಟಾಬೇಸ್ ಕೂಡ ಸಬ್‌ಕ್ವೆರಿಯೊಳಗೆ (ಕ್ವೆರಿಯೊಳಗಿನ ಕ್ವೆರಿ) ಲಿಮಿಟ್, ಅಂದರೆ ಎಷ್ಟು ಸಾಲು ಎನ್ನುವ ಮಿತಿ, ಇಲ್ಲದ ಆರ್ಡರ್ ಬೈ ಕಂಡರೆ ಬಿಟ್ಟುಬಿಡುತ್ತದೆ. ಎಲ್ಲಕ್ಕಿಂತ ಹೊರಗಿನ ಸೆಲೆಕ್ಟ್‌ನಲ್ಲಿರುವ ಆರ್ಡರ್ ಬೈಗೆ ಮಾತ್ರ ಬೆಲೆ. ಸಾಲುಗಳಿಗೆ ನಂಬರ್ ಹಾಕಲು ಬಳಸುವ ವಿಂಡೋ ಫಂಕ್ಷನ್ನಿನ ಓವರ್ ಒಳಗೆ ಬರೆದದ್ದೂ ಲೆಕ್ಕಕ್ಕಿಲ್ಲ. ಅದು ನಂಬರ್ ಹಾಕುವ ಕ್ರಮ, ತೋರಿಸುವ ಕ್ರಮ ಅಲ್ಲ.

ಪ್ರಶ್ನೆ: ಕೆಲಸಗಳ ಪಟ್ಟಿಯನ್ನು ಮುಗಿದ ದಿನಾಂಕದ ಪ್ರಕಾರ, ಹೊಸದು ಮೇಲೆ ಬರುವಂತೆ ತೋರಿಸಬೇಕು. ‘ಆರ್ಡರ್ ಬೈ ಮುಗಿದ_ದಿನ ಡೆಸ್ಕ್’ ಬರೆದೆ, ಡೆಸ್ಕ್ ಅಂದರೆ ಇಳಿಕೆ ಕ್ರಮ. ಇನ್ನೂ ಮುಗಿಯದ ಕೆಲಸಗಳೇ ಮೇಲೆ ಬಂದು ಕೂತಿವೆ. ಅವುಗಳ ದಿನಾಂಕ ಖಾಲಿ. ನನ್ನ ಸ್ನೇಹಿತನ ಕಂಪ್ಯೂಟರಿನಲ್ಲಿ ಇದೇ ಕ್ವೆರಿಗೆ ಅವು ಕೆಳಗೆ ಬರುತ್ತವೆ!

ಉತ್ತರ: ನಿಮ್ಮದು ಪೋಸ್ಟ್‌ಗ್ರೆಸ್ ಅಥವಾ ಒರಾಕಲ್, ಸ್ನೇಹಿತರದು ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಅಥವಾ ಎಸ್‌ಕ್ಯೂಎಲೈಟ್. ಪಂದ್ಯ ಕಟ್ಟುತ್ತೇನೆ.

ಖಾಲಿ ಬಿಟ್ಟ ಜಾಗಕ್ಕೆ ನಲ್ ಅನ್ನುತ್ತಾರೆ, ಅಂದರೆ ಗೊತ್ತಿಲ್ಲದ ಬೆಲೆ. ಅದು ದೊಡ್ಡದಾ ಚಿಕ್ಕದಾ ಅಂತ ಹೇಳಲು ಬರುವುದಿಲ್ಲ. ಆದರೂ ಸಾರ್ಟ್ ಮಾಡುವಾಗ ಎಲ್ಲೋ ಒಂದು ಕಡೆ ಇಡಲೇಬೇಕಲ್ಲ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್ ಅದನ್ನು ಎಲ್ಲಕ್ಕಿಂತ ದೊಡ್ಡದು ಅಂತ ಲೆಕ್ಕ ಹಾಕುತ್ತವೆ. ಉಳಿದ ಮೂರು ಎಲ್ಲಕ್ಕಿಂತ ಚಿಕ್ಕದು ಅನ್ನುತ್ತವೆ. ಎಸ್‌ಕ್ಯೂಎಲ್ ಭಾಷೆಯ ಸ್ಟ್ಯಾಂಡರ್ಡ್ ಈ ವಿಷಯವನ್ನು ತಯಾರಕರಿಗೇ ಬಿಟ್ಟುಬಿಟ್ಟಿತು. ಆಮೇಲೆ ‘ನಲ್ಸ್ ಫಸ್ಟ್’, ‘ನಲ್ಸ್ ಲಾಸ್ಟ್’ ಅಂತ ಹೇಳುವ ದಾರಿ ಬಂತು. ನೀವು ‘ಮುಗಿದ_ದಿನ ಡೆಸ್ಕ್ ನಲ್ಸ್ ಲಾಸ್ಟ್’ ಅಂತ ಬರೆದರೆ ಮುಗಿಯಿತು. ಎಸ್‌ಕ್ಯೂಎಲೈಟ್‌ಗೂ 2019ರಲ್ಲಿ 3.30ರೊಂದಿಗೆ ಇದು ಬಂದಿದೆ. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲ್ ಸರ್ವರಿನಲ್ಲಿ ಈ ಪದಗಳಿಲ್ಲ. ಅಲ್ಲಿ ಮುಂದೆ ಒಂದು ಕೇಸ್ ಹಾಕಿ: ದಿನಾಂಕ ನಲ್ ಆಗಿದ್ದರೆ 1, ಇಲ್ಲದಿದ್ದರೆ 0. ಮೊದಲು ಅದರ ಮೇಲೆ ಸಾರ್ಟ್, ಆಮೇಲೆ ದಿನಾಂಕದ ಮೇಲೆ.

ಈ ಜಗಳ ತಪ್ಪಿಸಲು ಖಾಲಿ ದಿನಾಂಕದ ಜಾಗದಲ್ಲಿ 9999ನೇ ಇಸವಿ ತುಂಬಿಸುವವರಿದ್ದಾರೆ. ದಯವಿಟ್ಟು ಬೇಡ. ಮುಂದೆ ಯಾರೋ ಸರಾಸರಿ ಎಷ್ಟು ದಿನ ಹಿಡಿಯಿತು ಅಂತ ಲೆಕ್ಕ ಹಾಕುತ್ತಾರೆ, ಸಾವಿರಾರು ವರ್ಷ ಅಂತ ಉತ್ತರ ಬರುತ್ತದೆ.

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ಒಂದು ಪುಟಕ್ಕೆ 20 ಐಟಂ ತೋರಿಸುತ್ತೇವೆ. ‘ಆರ್ಡರ್ ಬೈ ದಿನಾಂಕ ಡೆಸ್ಕ್ ಲಿಮಿಟ್ 20 ಆಫ್‌ಸೆಟ್ 20’ ಹೀಗೆ, ಅಂದರೆ ಮೊದಲ 20 ಬಿಟ್ಟು ಮುಂದಿನ 20. ಒಂದನೇ ಪುಟದಲ್ಲಿ ನೋಡಿದ ಐಟಂ ಎರಡನೇ ಪುಟದಲ್ಲೂ ಬರುತ್ತದೆ ಅಂತ ಬಳಕೆದಾರರು ಹೇಳುತ್ತಾರೆ. ಕೆಲವು ಐಟಂ ಎಲ್ಲೂ ಕಾಣುವುದೇ ಇಲ್ಲವಂತೆ. ಆರ್ಡರ್ ಬೈ ಇದೆಯಲ್ಲ ಮೇಡಂ, ಮತ್ತೇನು ಕೊರತೆ?

ಉತ್ತರ: ಆರ್ಡರ್ ಬೈ ಇದೆ, ಆದರೆ ಅರ್ಧ ಇದೆ. ನಿಮ್ಮ ಕಾಲಂನಲ್ಲಿ ಬರೀ ದಿನಾಂಕ ಇದೆ, ಗಂಟೆ ನಿಮಿಷ ಇಲ್ಲ ಅಂತ ಕಾಣುತ್ತದೆ. ಒಂದೇ ದಿನ 50 ಐಟಂ ಸೇರಿದ್ದರೆ ಆ ಐವತ್ತರ ನಡುವೆ ಯಾವುದು ಮೊದಲು? ನೀವು ಹೇಳಿಲ್ಲ. ಡೇಟಾಬೇಸ್ ಅವನ್ನು ಮೊದಲ ಸಲ ಒಂದು ರೀತಿ, ಎರಡನೇ ಸಲ ಇನ್ನೊಂದು ರೀತಿ ಕೊಟ್ಟರೂ ನಿಮ್ಮ ಮಾತನ್ನು ಮೀರಿದ ಹಾಗಾಗಲಿಲ್ಲ. ಪ್ರತಿ ಪುಟವೂ ಬೇರೆ ಬೇರೆ ಕ್ವೆರಿ, ಒಂದಕ್ಕೆ ಇನ್ನೊಂದರ ನೆನಪಿಲ್ಲ. ಲಿಮಿಟ್ ಎಷ್ಟು ಅನ್ನುವುದರ ಮೇಲೆ ಸಾರ್ಟ್ ಮಾಡುವ ವಿಧಾನವೇ ಬದಲಾಗಬಹುದು. ಮೈಎಸ್‌ಕ್ಯೂಎಲ್‌ನ ಕೈಪಿಡಿಯಲ್ಲೇ ಇದನ್ನು ಎಚ್ಚರಿಕೆಯಾಗಿ ಬರೆದಿದ್ದಾರೆ.

ನಾನು ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವಳು) ಆಗಿದ್ದಾಗ ಒಂದು ಕಂಪನಿಯಲ್ಲಿ ಸಂಬಳದ ಚೀಟಿ ಕಳಿಸುವ ಪ್ರೋಗ್ರಾಮ್ ನೋಡಿದ್ದೆ. ವಿಭಾಗದ ಪ್ರಕಾರ ಸಾರ್ಟ್ ಮಾಡಿ, ಐನೂರು ಐನೂರು ಜನರನ್ನು ಆಫ್‌ಸೆಟ್ ಮೂಲಕ ಎತ್ತಿಕೊಂಡು ಇಮೇಲ್ ಮಾಡುತ್ತಿತ್ತು. ಕೆಲವರಿಗೆ ಎರಡು ಚೀಟಿ ಹೋಗುತ್ತಿತ್ತು, ಕೆಲವರಿಗೆ ಒಂದೂ ಇಲ್ಲ. ಎರಡು ಬಂದವರು ಯಾರೂ ದೂರು ಕೊಡಲಿಲ್ಲ. ಬಾರದವರು ಇಮೇಲ್ ಸರ್ವರನ್ನು ಬೈದರು. ಒಂದು ವಿಭಾಗದಲ್ಲಿ ನೂರಾರು ಜನ, ಅವರ ನಡುವೆ ಕ್ರಮ ಹೇಳಿಲ್ಲ ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ.

ಪರಿಹಾರ ಸಣ್ಣದು. ಕೊನೆಯಲ್ಲಿ ಎಂದೂ ಪುನರಾವರ್ತನೆ ಆಗದ ಒಂದು ಕಾಲಂ ಸೇರಿಸಿ: ‘ಆರ್ಡರ್ ಬೈ ದಿನಾಂಕ ಡೆಸ್ಕ್, ಐಡಿ ಡೆಸ್ಕ್’. ಈಗ ಯಾವ ಎರಡು ಸಾಲುಗಳೂ ಸಮ ಅಲ್ಲ. ಇದನ್ನು ನಾನು ಅಭ್ಯಾಸವಾಗಿ ಮಾಡಿಕೊಳ್ಳಿ ಅಂತಲೇ ಹೇಳುತ್ತೇನೆ. ಲಿಮಿಟ್ ಬರೆದ ಕಡೆಯೆಲ್ಲ ಕೊನೆಗೆ ಐಡಿ.

ಆದರೂ ಅರ್ಧ ಸಮಸ್ಯೆ ಉಳಿಯುತ್ತದೆ. ಬಳಕೆದಾರ ಒಂದನೇ ಪುಟ ಓದುತ್ತಿರುವಾಗ ಮೇಲೆ ಮೂರು ಹೊಸ ಐಟಂ ಸೇರಿದರೆ ಎಲ್ಲವೂ ಮೂರು ಸಾಲು ಕೆಳಗೆ ಸರಿಯುತ್ತದೆ. ಒಂದನೇ ಪುಟದ ಕೊನೆಯ ಮೂರು ಎರಡನೇ ಪುಟದ ತಲೆಯಲ್ಲಿ ಮತ್ತೆ ಬರುತ್ತವೆ. ಆಫ್‌ಸೆಟ್ ಎಣಿಸುತ್ತದೆ ಅಷ್ಟೇ, ಯಾರನ್ನೂ ಗುರುತಿಸುವುದಿಲ್ಲ. ಎಣಿಸಲು ಖರ್ಚೂ ಇದೆ. ಆಫ್‌ಸೆಟ್ ಒಂದು ಲಕ್ಷ ಅಂದರೆ ಲಕ್ಷ ಸಾಲು ಓದಿ ಎಸೆದು ಆಮೇಲೆ ಇಪ್ಪತ್ತು ಕೊಡುತ್ತದೆ.

ಅದಕ್ಕೆ ಕೀಸೆಟ್ ಪೇಜಿನೇಶನ್ ಎನ್ನುವ ದಾರಿ ಇದೆ. ಹಿಂದಿನ ಪುಟದ ಕೊನೆಯ ಸಾಲಿನ ದಿನಾಂಕ ಮತ್ತು ಐಡಿ ನೆನಪಿಟ್ಟುಕೊಳ್ಳಿ. ಮುಂದಿನ ಪುಟಕ್ಕೆ ‘ವೇರ್ (ದಿನಾಂಕ, ಐಡಿ) < (ಕೊನೆಯ ದಿನಾಂಕ, ಕೊನೆಯ ಐಡಿ)’ ಅಂತ ಕೇಳಿ. ಆರ್ಡರ್ ಬೈ ಅದೇ, ಲಿಮಿಟ್ ಅದೇ, ಆಫ್‌ಸೆಟ್ ಬೇಡ. ಮೇಲೆ ಎಷ್ಟೇ ಹೊಸದು ಸೇರಿದರೂ ನೀವು ನಿಂತ ಜಾಗ ಅಲುಗುವುದಿಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲೈಟ್ ಮೂರಕ್ಕೂ ಈ ಜೋಡಿ ಹೋಲಿಕೆ ಅರ್ಥವಾಗುತ್ತದೆ. ಎಸ್‌ಕ್ಯೂಎಲ್ ಸರ್ವರಿಗೆ ಬಿಡಿಸಿ ಹೇಳಬೇಕು: ದಿನಾಂಕ ಚಿಕ್ಕದಿರಬೇಕು, ಅಥವಾ ದಿನಾಂಕ ಸಮವಿದ್ದು ಐಡಿ ಚಿಕ್ಕದಿರಬೇಕು. ‘37ನೇ ಪುಟಕ್ಕೆ ಹೋಗು’ ಎನ್ನುವ ಬಟನ್ ಮಾತ್ರ ಇದರಲ್ಲಿ ಕೊಡಲಾಗದು. ಆ ಬಟನ್ ಒತ್ತುವವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ಸಾರ್ಟ್ ಮಾಡಿದರೆ 1, 10, 11, 2, 20, 3 ಅಂತ ಬರುತ್ತದೆ. ಯಾಕೆ?

ಉತ್ತರ: ಕಾಲಂ ಅಕ್ಷರದ್ದು, ಅಂಕಿಯದ್ದಲ್ಲ. ‘10’ ಮತ್ತು ‘2’ ಎರಡರಲ್ಲೂ ಮೊದಲ ಅಕ್ಷರ ನೋಡಿ 1 ಮೊದಲು ಅಂತ ತೀರ್ಮಾನ ಮಾಡುತ್ತದೆ. ಸದ್ಯಕ್ಕೆ ಕಾಸ್ಟ್ ಬಳಸಿ ಅಂಕಿಗೆ ಬದಲಿಸಿ ಸಾರ್ಟ್ ಮಾಡಿ. ಬಿಡುವಾದಾಗ ಕಾಲಂನ ಟೈಪನ್ನೇ ಸರಿಮಾಡಿ. ದಿನಾಂಕವನ್ನು ‘31-01-2024’ ಅಂತ ಅಕ್ಷರವಾಗಿ ಇಟ್ಟವರಿಗೂ ಇದೇ ಉತ್ತರ. ಅಕ್ಷರವಾಗಿಯೇ ಇಡಲೇಬೇಕಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಇಡಿ.

ಪ್ರಶ್ನೆ: ಕನ್ನಡ ಪದಕೋಶಕ್ಕಾಗಿ ಡೇಟಾಬೇಸ್ ಮಾಡುತ್ತಿದ್ದೇವೆ. ‘ಆರ್ಡರ್ ಬೈ ಪದ’ ಅಂದರೆ ಬಹುಪಾಲು ಸರಿಯಾಗಿ ಬರುತ್ತದೆ. ಆದರೆ ‘ಬಳಪ’ ಮೊದಲು ಬಂದು ‘ಬಹಳ’ ಆಮೇಲೆ ಬರುತ್ತದೆ. ನಿಘಂಟಿನಲ್ಲಿ ಹಾಗಿಲ್ಲವಲ್ಲ?

ಉತ್ತರ: ಈ ಪತ್ರ ಓದಿ ಖುಷಿಯಾಯಿತು. ಇಂಥ ತಪ್ಪು ಕಣ್ಣಿಗೆ ಬೀಳಬೇಕಾದರೆ ಅಕ್ಷರಮಾಲೆ ಬಾಯಿಗೆ ಬರಬೇಕು. ನಮ್ಮ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆದ ಮೇಲೆ ಕೊನೆಗೆ ಳ. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟ ಸಂಖ್ಯೆಗಳಲ್ಲಿ ಮಾತ್ರ ಲ ಆದ ಕೂಡಲೇ ಳ ಬರುತ್ತದೆ, ವ ಆಮೇಲೆ. ನಿಮ್ಮ ಡೇಟಾಬೇಸ್ ಪದಗಳನ್ನು ಪದಗಳಾಗಿ ನೋಡುತ್ತಿಲ್ಲ, ಬರೀ ಈ ಸಂಖ್ಯೆಗಳನ್ನು ಹೋಲಿಸುತ್ತಿದೆ. ಹಾಗಾಗಿ ಳ ಇರುವ ಪದಗಳೆಲ್ಲ ವ ಶ ಷ ಸ ಹ ಇರುವ ಪದಗಳಿಗಿಂತ ಮುಂದೆ ನುಗ್ಗುತ್ತವೆ.

ಯಾವ ಅಕ್ಷರ ಯಾವುದರ ನಂತರ ಎನ್ನುವ ನಿಯಮಗಳ ಕಟ್ಟಿಗೆ ಕೊಲೇಶನ್ ಅನ್ನುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಸಿ’ ಎನ್ನುವ ಕೊಲೇಶನ್ ಇದ್ದರೆ, ಅಥವಾ ಮೈಎಸ್‌ಕ್ಯೂಎಲ್‌ನಲ್ಲಿ ‘ಬಿನ್’ ಅಂತ ಮುಗಿಯುವ ಕೊಲೇಶನ್ ಇದ್ದರೆ, ಹೋಲಿಕೆ ಬರೀ ಸಂಖ್ಯೆಯದ್ದು. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಿಂದ ಹಲವು ಭಾಷೆಗಳ ನಿಯಮಗಳಿರುವ ಐಸಿಯು ಲೈಬ್ರರಿಯ ಕೊಲೇಶನ್‌ಗಳು ಸಿಗುತ್ತವೆ. ಕನ್ನಡದ್ದೂ ಇದೆ, ಅದರ ಹೆಸರು ‘ಕೆಎನ್-ಎಕ್ಸ್-ಐಸಿಯು’. ‘ಆರ್ಡರ್ ಬೈ ಪದ ಕೊಲೇಟ್’ ಅಂತ ಬರೆದು ಮುಂದೆ ಈ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಡಿ. ಬಹಳ ಮೊದಲು, ಬಳಪ ಆಮೇಲೆ ಬರಬೇಕು. ಯಾವ ಡೇಟಾಬೇಸ್ ಆದರೂ ಈ ಎರಡೇ ಪದ ಹಾಕಿ ಪರೀಕ್ಷೆ ಮಾಡಿದರೆ ಸಾಕು, ಕನ್ನಡ ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಯಾವಾಗಲೂ ಕನ್ನಡ ಕ್ರಮವೇ ಬೇಕು ಅಂತಿದ್ದರೆ ಟೇಬಲ್ ಮಾಡುವಾಗ ಆ ಕಾಲಂಗೇ ಕೊಲೇಶನ್ ಕೊಟ್ಟುಬಿಡಿ.

ಇನ್ನೊಂದು ಕಿರಿಕಿರಿ ನಿಮಗೆ ಕಾದಿದೆ. ‘ಸಾಫ್ಟ್‌ವೇರ್’ ಅಂತ ಸರಿಯಾಗಿ ಮೂಡಲು ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಒತ್ತಕ್ಷರ ಆಗದಂತೆ ತಡೆಯುವ ಅಕ್ಷರ ಅದು. ಅದರ ಯೂನಿಕೋಡ್ ಸಂಖ್ಯೆ ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದು. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ ಒಂದೇ ಪದ ಪಟ್ಟಿಯಲ್ಲಿ ಎರಡು ಕಡೆ ಕೂರಬಹುದು. ಐಸಿಯು ಸಾರ್ಟ್ ಮಾಡುವಾಗ ಈ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎರಡೂ ಅಕ್ಕಪಕ್ಕ ಬರುತ್ತವೆ. ಆದರೆ ಹುಡುಕುವಾಗ ಅವು ಬೇರೆ ಬೇರೆ ಪದಗಳೇ. ಪದ ಒಳಗೆ ಬರುವಾಗಲೇ ಒಂದು ರೂಪಕ್ಕೆ ತರುವುದು ಒಳ್ಳೆಯದು.

ಕೊಲೇಶನ್ ಬಗ್ಗೆ ಒಂದು ಎಚ್ಚರಿಕೆ, ಇದು ಕನ್ನಡಕ್ಕೆ ಮಾತ್ರ ಅಲ್ಲ. ಈ ನಿಯಮಗಳು ಡೇಟಾಬೇಸಿನ ಹೊರಗೆ, ಲೈಬ್ರರಿಗಳಲ್ಲಿ ಇರುತ್ತವೆ. 2018ರ ಆಗಸ್ಟಿನಲ್ಲಿ ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿಯ 2.28 ಬಂದಾಗ ಸಾರ್ಟ್ ನಿಯಮಗಳು ದೊಡ್ಡದಾಗಿ ಬದಲಾದವು. ಆಪರೇಟಿಂಗ್ ಸಿಸ್ಟಂ ಮಾತ್ರ ಅಪ್‌ಗ್ರೇಡ್ ಮಾಡಿದವರ ಪೋಸ್ಟ್‌ಗ್ರೆಸ್‌ನಲ್ಲಿ ಅಕ್ಷರ ಕಾಲಂಗಳ ಇಂಡೆಕ್ಸುಗಳು ಹಳೆಯ ಕ್ರಮದಲ್ಲೇ ಉಳಿದವು, ಹುಡುಕುವ ಕೋಡ್ ಹೊಸ ಕ್ರಮದಲ್ಲಿ ಹುಡುಕಿತು. ಇರುವ ಸಾಲು ಇಲ್ಲ ಅಂತ ಬಂತು. ಯೂನಿಕ್ ಅಂದಿದ್ದ ಕಡೆ ಎರಡೆರಡು ಸೇರಿಕೊಂಡವು. ರೀಇಂಡೆಕ್ಸ್ ಮಾಡುವುದು, ಅಂದರೆ ಇಂಡೆಕ್ಸನ್ನು ಹೊಸದಾಗಿ ಕಟ್ಟುವುದು, ಒಂದೇ ದಾರಿ. ಸಿಸ್ಟಂ ಅಪ್‌ಗ್ರೇಡ್ ಮಾಡುವವರ ಪಟ್ಟಿಯಲ್ಲಿ ಈ ಕೆಲಸ ಇದೆಯಾ ಅಂತ ಕೇಳಿ ನೋಡಿ.

ಪ್ರಶ್ನೆ: ಯಾವ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಅದರ ಪ್ರಕಾರ ಸಾರ್ಟ್ ಆಗಬೇಕು. ಕ್ವೆರಿಯಲ್ಲಿ ‘ಆರ್ಡರ್ ಬೈ ?’ ಅಂತ ಇಟ್ಟು ಕಾಲಂ ಹೆಸರನ್ನು ಪ್ಯಾರಾಮೀಟರ್ ಆಗಿ ಕೊಟ್ಟೆ. ಎರರ್ ಬರುವುದಿಲ್ಲ, ಸಾರ್ಟೂ ಆಗುವುದಿಲ್ಲ.

ಉತ್ತರ: ಪ್ಯಾರಾಮೀಟರ್ ಅಂದರೆ ಬೆಲೆ, ಕಾಲಂನ ಹೆಸರಲ್ಲ. ‘ಹೆಸರು’ ಎನ್ನುವ ಕಾಲಂ ಮೇಲೆ ಸಾರ್ಟ್ ಮಾಡು ಅಂತ ನೀವು ಅಂದುಕೊಂಡಿರಿ. ಡೇಟಾಬೇಸಿಗೆ ಕೇಳಿಸಿದ್ದು, ಹೆ, ಸ, ರು ಎಂಬ ಅಕ್ಷರಗಳ ಸರದ ಮೇಲೆ ಸಾರ್ಟ್ ಮಾಡು ಅಂತ. ಆ ಸರ ಎಲ್ಲ ಸಾಲಿಗೂ ಒಂದೇ. ಎಲ್ಲರೂ ಸಮ ಇದ್ದರೆ ಸಾರ್ಟ್ ಮಾಡಲು ಏನಿದೆ?

ಆಗ ಎಲ್ಲರೂ ಮಾಡುವ ಕೆಲಸ, ಬಳಕೆದಾರರಿಂದ ಬಂದ ಹೆಸರನ್ನು ನೇರವಾಗಿ ಕ್ವೆರಿಗೆ ಅಂಟಿಸುವುದು. ಅದು ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ, ಅಂದರೆ ಹೊರಗಿನವರು ತಮ್ಮ ಆಜ್ಞೆಯನ್ನು ಕ್ವೆರಿಯೊಳಗೆ ತೂರಿಸುವುದಕ್ಕೆ, ತೆರೆದಿಟ್ಟ ಬಾಗಿಲು. ವೇರ್ ಭಾಗದಲ್ಲಿ ಶಿಸ್ತಾಗಿ ಪ್ಯಾರಾಮೀಟರ್ ಬಳಸುವವರೂ ಆರ್ಡರ್ ಬೈಗೆ ಬಂದಾಗ ಕೈ ಸಡಿಲ ಬಿಡುವುದನ್ನು ತುಂಬಾ ನೋಡಿದ್ದೇನೆ. ನಿಮ್ಮ ಕೋಡಿನಲ್ಲಿ ಒಂದು ಪಟ್ಟಿ ಇಡಿ: ಪರದೆಯಿಂದ ‘ದಿನ’ ಅಂತ ಬಂದರೆ ಈ ಕಾಲಂ, ‘ಅಂಕ’ ಅಂತ ಬಂದರೆ ಆ ಕಾಲಂ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಡೀಫಾಲ್ಟ್. ಏರಿಕೆಯೋ ಇಳಿಕೆಯೋ ಎನ್ನುವುದಕ್ಕೂ ಹಾಗೆಯೇ. ಹೊರಗಿನಿಂದ ಬಂದ ಒಂದು ಅಕ್ಷರವೂ ಕ್ವೆರಿಯೊಳಗೆ ಹೋಗಬಾರದು.

ಪ್ರಶ್ನೆ: ಮೈಎಸ್‌ಕ್ಯೂಎಲ್‌ನಲ್ಲಿ ಕ್ವೆರಿ ಹೇಗೆ ಓಡುತ್ತದೆ ಅಂತ ನೋಡಲು ಎಕ್ಸ್‌ಪ್ಲೇನ್ ಹಾಕಿದರೆ ‘ಯೂಸಿಂಗ್ ಫೈಲ್‌ಸಾರ್ಟ್’ ಅಂತ ಬರುತ್ತದೆ. ಫೈಲಿಗೆ ಬರೆದು ಸಾರ್ಟ್ ಮಾಡುವುದರಿಂದಲೇ ನಿಧಾನವೇ? ಇಪ್ಪತ್ತೇ ಸಾಲು ಕೇಳುತ್ತಿದ್ದೇನೆ, ಟೇಬಲ್ಲಿನಲ್ಲಿ ಲಕ್ಷಾಂತರ ಇವೆ.

ಉತ್ತರ: ಆ ಹೆಸರು ಎಷ್ಟು ಜನರ ದಾರಿ ತಪ್ಪಿಸಿದೆಯೋ! ಫೈಲ್‌ಸಾರ್ಟ್ ಅಂದರೆ ಇಂಡೆಕ್ಸಿನ ಸಹಾಯವಿಲ್ಲದೆ ಬೇರೆಯಾಗಿ ಸಾರ್ಟ್ ಮಾಡಿದೆ ಅಂತ ಮಾತ್ರ. ಮೆಮೊರಿಯಲ್ಲೇ ಮುಗಿದಿರಬಹುದು. ಜಾಗ ಸಾಲದಿದ್ದರೆ ಡಿಸ್ಕಿಗೆ ಹೋಗುತ್ತದೆ. ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ಪ್ರಾಮಾಣಿಕ. ಎಕ್ಸ್‌ಪ್ಲೇನ್ ಅನಲೈಸ್ ಕೇಳಿದರೆ ಮೆಮೊರಿಯಲ್ಲಿ ಮಾಡಿತೋ, ‘ಎಕ್ಸ್‌ಟರ್ನಲ್ ಮರ್ಜ್’ ಅಂತ ಡಿಸ್ಕಿಗೆ ಹೋಯಿತೋ, ಎಷ್ಟು ಜಾಗ ಬಳಸಿತೋ ಎಲ್ಲ ಬರೆದುಕೊಡುತ್ತದೆ. ಅಲ್ಲಿ ಸಾರ್ಟಿಗೆ ಸಿಗುವ ವರ್ಕ್‌ಮೆಮ್ ಮೊದಲಿಗೆ 4 ಎಂಬಿ ಇರುತ್ತದೆ.

ಇಪ್ಪತ್ತೇ ಸಾಲು ಬೇಕಿದ್ದರೆ ಡೇಟಾಬೇಸ್ ಎಲ್ಲವನ್ನೂ ಸಾರ್ಟ್ ಮಾಡುವಷ್ಟು ದಡ್ಡ ಅಲ್ಲ. ಸದ್ಯಕ್ಕೆ ಮೇಲಿರುವ ಇಪ್ಪತ್ತನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಬಿಡುತ್ತಾ ಹೋಗುತ್ತದೆ. ಆದರೆ ಬಿಡಬೇಕಾದರೂ ಒಮ್ಮೆ ನೋಡಬೇಕಲ್ಲ. ಲಕ್ಷಾಂತರ ಸಾಲು ಓದುವುದೇ ನಿಮ್ಮ ನಿಧಾನ.

ಓದುವುದನ್ನೇ ತಪ್ಪಿಸುವುದು ಇಂಡೆಕ್ಸ್. 1972ರಲ್ಲಿ ಬೇಯರ್ ಮತ್ತು ಮೆಕ್ರೈಟ್ ಪ್ರಕಟಿಸಿದ ಬಿ-ಟ್ರೀ ಇವತ್ತಿಗೂ ಬಹುಪಾಲು ರಿಲೇಶನಲ್ ಡೇಟಾಬೇಸುಗಳ ಬೆನ್ನೆಲುಬು. ಅದರಲ್ಲಿ ಬೆಲೆಗಳು ನಿಘಂಟಿನ ಪದಗಳ ಹಾಗೆ ಮೊದಲೇ ಕ್ರಮದಲ್ಲಿರುತ್ತವೆ, ತುದಿಯಿಂದ ಇಪ್ಪತ್ತು ಎತ್ತಿಕೊಂಡು ನಿಲ್ಲಿಸಬಹುದು. ನಿಮ್ಮ ಕ್ವೆರಿ ‘ವೇರ್ ಸ್ಥಿತಿ = ತೆರೆದಿದೆ ಆರ್ಡರ್ ಬೈ ದಿನಾಂಕ ಡೆಸ್ಕ್, ಐಡಿ ಡೆಸ್ಕ್’ ಅಂತಿದ್ದರೆ ಇಂಡೆಕ್ಸ್ ಸ್ಥಿತಿ, ದಿನಾಂಕ, ಐಡಿ ಈ ಮೂರರ ಮೇಲೆ, ಇದೇ ಅನುಕ್ರಮದಲ್ಲಿ ಇರಲಿ. ಸಮ ಎಂದು ಕೇಳುವ ಕಾಲಂ ಮೊದಲು, ಸಾರ್ಟ್ ಕಾಲಂಗಳು ಆಮೇಲೆ. ಎಲ್ಲವೂ ಒಂದೇ ದಿಕ್ಕಿನಲ್ಲಿದ್ದರೆ ಇಂಡೆಕ್ಸನ್ನು ಹಿಂದಿನಿಂದಲೂ ಓದುತ್ತದೆ. ಒಂದು ಏರಿಕೆ ಒಂದು ಇಳಿಕೆ ಇದ್ದರೆ ಇಂಡೆಕ್ಸೂ ಹಾಗೇ ಇರಬೇಕು. ಮೈಎಸ್‌ಕ್ಯೂಎಲ್ 8.0ಕ್ಕೆ ಮುಂಚೆ ಇಂಡೆಕ್ಸಿನಲ್ಲಿ ಡೆಸ್ಕ್ ಬರೆದರೆ ತಲೆಯಾಡಿಸಿ ಏರಿಕೆಯಲ್ಲೇ ಮಾಡಿಡುತ್ತಿತ್ತು. ಹಳೆಯ ವರ್ಶನ್ ಇದ್ದರೆ ನೆನಪಿರಲಿ.

ಮತ್ತೆ, ಕಂಡಲ್ಲೆಲ್ಲ ಇಂಡೆಕ್ಸ್ ಹಾಕಬೇಡಿ. ಪ್ರತಿ ಇನ್ಸರ್ಟಿಗೂ ಅದರ ಬೆಲೆ ತೆರಬೇಕು. ಎಣಿಕೆಗೋ ಮೊತ್ತಕ್ಕೋ ಓಡುವ ಕ್ವೆರಿಯಲ್ಲಿ ಆರ್ಡರ್ ಬೈ ಇದ್ದರೆ ಅದನ್ನೂ ತೆಗೆಯಿರಿ, ಅಲ್ಲಿ ಯಾರಿಗೂ ಕ್ರಮ ಬೇಕಿಲ್ಲ.

ಪ್ರಶ್ನೆ: ಹೆಚ್ಚು ಅಂಕದ ಮೊದಲ ಮೂವರಿಗೆ ಬಹುಮಾನ. ಮೂರನೆಯವರು ಮತ್ತು ನಾಲ್ಕನೆಯವರದು ಒಂದೇ ಅಂಕ. ‘ಲಿಮಿಟ್ 3’ ಒಬ್ಬರನ್ನು ಬಿಡುತ್ತದೆ.

ಉತ್ತರ: ಇಲ್ಲಿ ಕೊನೆಗೆ ಐಡಿ ಸೇರಿಸಿ ಅಂತ ಹೇಳಿದರೆ ನನ್ನನ್ನು ವಿದ್ಯಾರ್ಥಿಗಳು ಸುಮ್ಮನೆ ಬಿಡುವುದಿಲ್ಲ. ಪುಟ ಹಾಕಲು ಐಡಿ ಸರಿ, ಬಹುಮಾನ ಹಂಚಲು ಅಲ್ಲ. ‘ಫೆಚ್ ಫಸ್ಟ್ 3 ರೋಸ್ ವಿತ್ ಟೈಸ್’ ಅಂತ ಬರೆದರೆ ಮೂರನೆಯವರ ಸಮ ಇರುವವರೆಲ್ಲ ಸೇರಿ ಬರುತ್ತಾರೆ. ಒರಾಕಲ್ 12ಸಿ ಮತ್ತು ಪೋಸ್ಟ್‌ಗ್ರೆಸ್ 13ರಿಂದ ಇದು ಇದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ‘ಟಾಪ್ 3 ವಿತ್ ಟೈಸ್’. ಮೈಎಸ್‌ಕ್ಯೂಎಲ್‌ನಲ್ಲಿ ರ‍್ಯಾಂಕ್ ಫಂಕ್ಷನ್ ಬಳಸಿ, ಮೂರು ಅಥವಾ ಅದಕ್ಕಿಂತ ಕಡಿಮೆ ರ‍್ಯಾಂಕ್ ಇರುವವರನ್ನು ಆರಿಸಿ. ಹಳೆಯ ಒರಾಕಲ್‌ನಲ್ಲಿ ‘ವೇರ್ ರೋನಂ <= 3 ಆರ್ಡರ್ ಬೈ ಅಂಕ ಡೆಸ್ಕ್’ ಅಂತ ಬರೆಯುವವರು ಎಚ್ಚರ. ಅಲ್ಲಿ ರೋನಂ, ಅಂದರೆ ಸಾಲಿನ ಸಂಖ್ಯೆ, ಹಾಕಿದ ಮೇಲೆ ಸಾರ್ಟ್ ಆಗುತ್ತದೆ. ಯಾರೋ ಕೈಗೆ ಸಿಕ್ಕ ಮೂವರನ್ನು ಹಿಡಿದು ಅವರನ್ನು ಅಂಕದ ಪ್ರಕಾರ ನಿಲ್ಲಿಸಿದ ಹಾಗಾಗುತ್ತದೆ.

ಪ್ರಶ್ನೆ: ‘ಆರ್ಡರ್ ಬೈ 2’ ಅಂತ ಕಾಲಂನ ಸ್ಥಾನ ಬರೆಯುವುದು ತಪ್ಪೇ?

ಉತ್ತರ: ಕೈಯಲ್ಲಿ ಟೈಪ್ ಮಾಡಿ ನೋಡಿ ಮರೆಯುವ ಕ್ವೆರಿಗೆ ನಾನೂ ಬರೆಯುತ್ತೇನೆ. ಉಳಿಸಿಡುವ ಕೋಡಿನಲ್ಲಿ ಬೇಡ. ಯಾರೋ ಸೆಲೆಕ್ಟಿನ ಮೊದಲಿಗೆ ಒಂದು ಕಾಲಂ ಸೇರಿಸುತ್ತಾರೆ, ಸಾರ್ಟ್ ಸದ್ದಿಲ್ಲದೆ ಬೇರೆ ಕಾಲಂಗೆ ಹೋಗುತ್ತದೆ. 1992ರ ಸ್ಟ್ಯಾಂಡರ್ಡಿನಲ್ಲಿ ಇದಕ್ಕೆ ಜಾಗ ಇತ್ತು, 1999ರದ್ದರಲ್ಲಿ ತೆಗೆದರು. ಡೇಟಾಬೇಸುಗಳು ಇನ್ನೂ ಒಪ್ಪುತ್ತವೆ. ಲೆಕ್ಕ ಹಾಕಿದ ಉದ್ದನೆಯ ಕಾಲಂ ಮತ್ತೆ ಬರೆಯಲು ಬೇಜಾರು ಅಂತಿದ್ದರೆ ಸೆಲೆಕ್ಟಿನಲ್ಲಿ ಅದಕ್ಕೊಂದು ಅಡ್ಡಹೆಸರು ಕೊಟ್ಟು ಆರ್ಡರ್ ಬೈನಲ್ಲಿ ಅದನ್ನೇ ಬಳಸಿ. ಸೆಲೆಕ್ಟ್ ಆದ ಮೇಲೆ ಆರ್ಡರ್ ಬೈ ನಡೆಯುವುದರಿಂದ ಅಲ್ಲಿ ಅಡ್ಡಹೆಸರು ಗೊತ್ತಿರುತ್ತದೆ. ವೇರ್ ಭಾಗಕ್ಕೆ ಗೊತ್ತಿರುವುದಿಲ್ಲ. ಆ ಬಗ್ಗೆ ಬಂದಿರುವ ನಾಲ್ಕೈದು ಪತ್ರಗಳು ಮುಂದಿನ ತಿಂಗಳಿಗೆ.